ಬರಿಗೈಯಲ್ಲಿ ಕಡೆದ ಬಟ್ಟಲು

ಅಪ್ಪಾಜಿ ತೀರಿಕೊಂಡ ಮೇಲೆ ತವರಿನಿಂದ ನನ್ನ ಪಾಲಿಗೆ ಬಂದದ್ದು ಒಂದು ಲೇತು. ಬಂಗಾರವಿರಲಿಲ್ಲ, ಸೈಟಿರಲಿಲ್ಲ. ಮಂಡಿ ಮೊಹಲ್ಲಾದ ಬಾಡಿಗೆ ಅಂಗಡಿಯಲ್ಲಿ ಅವರು ಜೀವಮಾನವಿಡೀ ನಿಂತು ಮರ ಕಡೆದ ಆ ಯಂತ್ರ ಮತ್ತು ಒಂದು ಗೋಣಿಚೀಲದ ತುಂಬ ಉಳಿಗಳು, ಅಷ್ಟೇ. ಅಮ್ಮ ಮೊದಲೇ ಹೋಗಿದ್ದಳು. ನಾನು ಒಬ್ಬಳೇ ಮಗಳು. ಅಂಗಡಿಯ ಮಾಲೀಕರು ಜಾಗ ಖಾಲಿ ಮಾಡಿ ಅಂದರು. ಗುಜರಿಯವನು ಬಂದು ಲೇತನ್ನು ಕಾಲಿನಿಂದ ತಟ್ಟಿ ನೋಡಿದ. ಕೈಯಿಂದ ತಟ್ಟಿದ್ದರೆ ಕೊಟ್ಟುಬಿಡುತ್ತಿದ್ದೆನೋ ಏನೋ. ಕಾಲು ತಾಗಿಸಿದ್ದು ಕಂಡು ನನಗೆ ಸಿಟ್ಟು ನೆತ್ತಿಗೇರಿತು. ಅವನನ್ನು ಅಲ್ಲಿಂದಲೇ ಕಳಿಸಿ, ಲಗೇಜ್ ಆಟೋ ಕರೆಸಿ, ಲೇತನ್ನು ಹೇರಿಸಿ, ಅದರ ಪಕ್ಕದಲ್ಲೇ ಕೂತು ಮೇಟಗಳ್ಳಿಗೆ, ಗಂಡನ ಮನೆಗೆ, ತಂದುಬಿಟ್ಟೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆಂದು ಗೊತ್ತಿತ್ತು.

ಗೇಟಿನ ಬಳಿ ನಿಂತಿದ್ದ ಅತ್ತೆ ಯಂತ್ರವನ್ನೂ ನನ್ನನ್ನೂ ಒಂದೇ ಸಮ ನೋಡಿದರು.

"ಇದೇನಮ್ಮ ಇದು, ಕಬ್ಬಿನ ಗಾಣ ಮಡಗ್ತೀಯಾ?"

"ಲೇತು ಅತ್ತೆ. ಅಪ್ಪಾಜೀದು."

"ಎಲ್ಲಿ ಮಡಗ್ತೀಯ? ನನ್ನ ತಲೆ ಮ್ಯಾಲಾ?"

ಹಿತ್ತಲಲ್ಲಿ ಶೀಟು ಹೊದಿಸಿದ ಒಂದು ಶೆಡ್ಡಿತ್ತು. ಅದರೊಳಗೆ ಸೌದೆ, ಮುರಿದ ಕುರ್ಚಿ, ಒಡೆದ ಬಕೆಟ್ಟು. ಅದನ್ನೆಲ್ಲ ತೆಗೆದು ಸ್ಕೂಟರ್ ನಿಲ್ಲಿಸಬೇಕೆಂದು ನಮ್ಮವರು ಬಹಳ ದಿನದಿಂದ ಲೆಕ್ಕ ಹಾಕುತ್ತಿದ್ದರು. ಆ ಶೆಡ್ಡಿಗೆ ನಾನು ಲೇತು ಇಳಿಸಿದೆ. ನಮ್ಮವರು ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದರು. ಜಗಳವೆಂದರೆ ಅವರಿಗೆ ಆಗದು. ಅಮ್ಮನ ಮುಂದೆ ಅಮ್ಮನ ಮಾತು, ನನ್ನ ಮುಂದೆ ನನ್ನ ಮಾತು. ಇಬ್ಬರೂ ಎದುರಿಗಿದ್ದರೆ ಬಚ್ಚಲಿಗೆ ಹೋಗಿ ಮುಖ ತೊಳೆಯುತ್ತಿದ್ದರು. ಆ ಸಂಜೆ ಬಹಳ ಹೊತ್ತು ಮುಖ ತೊಳೆದು ಬಂದು, "ದಸರಾ ತನಕ ಇರ್ಲಿ ಬುಡು. ಅಷ್ಟೊತ್ತಿಗೆ ಓಡ್ಲಿಲ್ಲ ಅಂದ್ರೆ ಗುಜರಿಗೆ ಹಾಕ್ಬುಡಾಣ. ಸ್ಕೂಟರ್ ಬಿಸಿಲಲ್ಲಿ ನಿಲ್ತಾ ಐತೆ" ಎಂದರು.

ದಸರಾ ಎಂದು ಅವರು ಹೇಳಿದ್ದಕ್ಕೆ ಕಾರಣವಿತ್ತು. ಅಪ್ಪಾಜಿ ಮಂಚದ ಕಾಲು, ತೊಟ್ಟಿಲ ಗೂಟ, ಲಟ್ಟಣಿಗೆ ಎಲ್ಲವನ್ನೂ ಕಡೆಯುತ್ತಿದ್ದರೂ ಅವರ ಮನಸ್ಸಿದ್ದದ್ದು ಬಟ್ಟಲುಗಳ ಮೇಲೆ. ಹಣ್ಣಿಡುವ ಅಗಲ ಬಟ್ಟಲು, ಹಿಟ್ಟು ಕಲಸುವ ದೊಡ್ಡ ಬಟ್ಟಲು, ಅರಿಶಿನ ಕುಂಕುಮಕ್ಕೆ ಅಂಗೈಯಷ್ಟು ಪುಟ್ಟದು. ಅರಮನೆ ಕಡೆಯ ಒಂದು ಅಂಗಡಿಯವರು ಪ್ರತಿ ದಸರೆಗೆ ಅವರಿಂದ ತೆಗೆದುಕೊಳ್ಳುತ್ತಿದ್ದರು. ಅಪ್ಪಾಜಿ ಹೋದ ದಿನ ಹಾರ ಹಿಡಿದು ಬಂದಿದ್ದ ಆ ಅಂಗಡಿಯವರು, "ಇನ್ನು ಆ ಬಟ್ಟಲು ನೋಡೋಕೆ ಸಿಗಲ್ಲ ಬಿಡಿ" ಎಂದು ಕಣ್ಣೊರೆಸಿಕೊಂಡರು. "ಯಾಕೆ ಸಿಗಲ್ಲ? ದಸರಾಕ್ಕೆ ಬರುತ್ತೆ" ಎಂದುಬಿಟ್ಟೆ. ಸಾವಿನ ಮನೆಯಲ್ಲಿ ಅಳುವ ಬದಲು ಸಿಟ್ಟಿನಿಂದ ಆಡಿದ ಮಾತು. ಆದರೆ ಆಡಿದ್ದಾಗಿತ್ತು. ನಮ್ಮವರೂ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದರು.

ನನಗೆ ಕಡೆಯಲು ಬರುತ್ತಿತ್ತು. ಲಂಗ ಉಡುವ ವಯಸ್ಸಿನಿಂದ ಅಪ್ಪಾಜಿಯ ಪಕ್ಕ ನಿಂತು ಕಲಿತದ್ದು. ತಿರುಗುವ ಮರಕ್ಕೆ ಉಳಿ ಕೊಟ್ಟಾಗ ಮೊದಲು ಟಕಟಕ ಎಂದು ಬಡಿಯುತ್ತದೆ. ಮರ ಗುಂಡಗಾಗುತ್ತ ಬಂದಂತೆ ಆ ಬಡಿತ ನಿಂತು ಒಂದೇ ಸಮನಾದ ಸದ್ದಾಗುತ್ತದೆ. ಅಲ್ಲಿಂದಾಚೆ ಉದ್ದುದ್ದ ಸುರುಳಿ ಹಾರಿ ಭುಜದ ಮೇಲೆ ಬೀಳುತ್ತದೆ. ಆ ಸುರುಳಿ ಬೀಳುವ ಹೊತ್ತಿನ ಸುಖ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ, ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಅಪ್ಪಾಜಿಯದು ಒಂದೇ ಕಟ್ಟುನಿಟ್ಟು. ಲೇತಿನ ಮುಂದೆ ನಿಲ್ಲುವವರ ಮೈಮೇಲೆ ಜೋತಾಡುವುದು ಏನೂ ಇರಬಾರದು. ಅವರು ವಾಚು ಬಿಚ್ಚಿಡುತ್ತಿದ್ದರು, ಶಿವದಾರವನ್ನು ಲಿಂಗದ ಕರಡಿಗೆ ಸಮೇತ ಬನಿಯನ್ನಿನೊಳಗೆ ಸೇರಿಸಿ ಮೇಲೊಂದು ಪಟ್ಟಿ ಬಿಗಿದುಕೊಳ್ಳುತ್ತಿದ್ದರು. ನನ್ನ ಜಡೆ ಮೇಲೆ ಕಟ್ಟಿಸಿ, ಕೈಬಳೆ ತೆಗೆಸಿ, ಆಮೇಲೆಯೇ ಸ್ವಿಚ್ಚು. ಮದುವೆಯಾಗದ ಹುಡುಗಿಯ ಕೈ ಬರಿದಿದ್ದರೆ ಯಾರು ಏನನ್ನುತ್ತಾರೆ?

ಮದುವೆ ಗೊತ್ತಾಗಿ, ಬಳೆ ಶಾಸ್ತ್ರದ ದಿನ ಬಳೆಗಾರ್ತಿ ಎರಡೂ ಕೈಗೆ ಹಸಿರು ಗಾಜಿನ ಬಳೆ ಏರಿಸಿದಳು. ಮಾರನೆಯ ದಿನ ಅಂಗಡಿಗೆ ಹೋದೆ. ಅಪ್ಪಾಜಿ ನನ್ನ ಕೈ ನೋಡಿ ಓಡುತ್ತಿದ್ದ ಲೇತನ್ನು ನಿಲ್ಲಿಸಿದರು. "ಇನ್ನು ಬೇಡ ಕಣಮ್ಮ. ಆ ಕೈಲಿ ಇದರ ಹತ್ರ ಬರ್ಬೇಡ" ಎಂದರು. ಅವರ ದನಿಯಲ್ಲಿ ಬೇಜಾರಿತ್ತು, ಆದರೂ ಬಳೆ ತೆಗೆದಿಟ್ಟು ಬಾ ಎನ್ನುವ ಧೈರ್ಯ ಅವರಿಗೂ ಬರಲಿಲ್ಲ. ಮುತ್ತೈದೆಯಾಗುವವಳಿಗೆ ತಂದೆಯಾದವನು ಆ ಮಾತು ಹೇಗೆ ಹೇಳಿಯಾನು?

ಈಗ ಮೇಟಗಳ್ಳಿಯ ಶೆಡ್ಡಿನಲ್ಲಿ ನನ್ನ ಎದುರಿಗೆ ನಿಂತದ್ದೂ ಅದೇ ಬಳೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೆ ನಮ್ಮವರ ಹಳೆಯ ಖಾಕಿ ಅಂಗಿ ತೊಟ್ಟು ಗುಂಡಿ ಹಾಕಿಕೊಂಡೆ. ತಾಳಿ ಒಳಗೆ ಹೋಯಿತು. ಬಳೆ ತೆಗೆಯಲು ಕೈಗೆ ಸೋಪು ಹಚ್ಚುತ್ತಿದ್ದಾಗ ಅತ್ತೆ ನೋಡಿದರು.

"ಏನ್ಮಾಡ್ತಿದ್ದೀಯ?"

"ಬಳೆ ತೆಗೀತಿದ್ದೀನಿ. ಲೇತಿಗೆ ಸಿಕ್ಕಿದ್ರೆ ಕೈ ಹೋಗುತ್ತೆ."

"ಗಂಡ ಬದ್ಕಿರೋಳು ಕೈ ಬರಿದು ಮಾಡ್ಕಂಡು ನಿಂತ್ಕೋತೀನಿ ಅಂತೀಯಲ್ಲ, ಬುದ್ಧಿಗಿದ್ಧಿ ಐತಾ ನಿಂಗೆ?"

"ಒಂದೆರಡು ಗಂಟೆ ಅತ್ತೆ. ಕೆಲಸ ಮುಗಿದ್ಮೇಲೆ ಮತ್ತೆ ಹಾಕ್ಕೋತೀನಿ."

"ಒಂದು ಗಳಿಗೇನೂ ಬ್ಯಾಡ. ಅವ್ನು ಅಲ್ಲಿ ಮಿಷಿನ್ ಮುಂದೆ ನಿಂತವ್ನೆ, ನೀನಿಲ್ಲಿ ಬಳೆ ಬಿಚ್ತೀಯಾ?"

ನಾನು ಬಿಡಲಿಲ್ಲ. "ಅಪ್ಪಾಜಿ ಶಿವದಾರಾನ ಒಳಗೆ ಸೇರಿಸ್ಕೋತಿದ್ರು. ತಾಳಿ ನಾನೂ ಸೇರಿಸ್ಕೊಂಡೆ. ಬಳೇನ ಎಲ್ಲಿ ಸೇರಿಸ್ಲಿ, ನೀವೇ ಹೇಳಿ" ಎಂದೆ. ಅತ್ತೆ ತಿರುಗಿ ಒಳಗೆ ಹೋದರು. ನಾನು ಗೆದ್ದೆ ಅಂದುಕೊಂಡೆ. ಎಲ್ಲಿಯ ಗೆಲುವು! ತಮ್ಮದೊಂದು ಹಳೆಯ ಬಿಳಿ ಸೀರೆಯನ್ನು ಉದ್ದಕ್ಕೆ ಹರಿದು ಎರಡು ಪಟ್ಟಿ ಮಾಡಿಕೊಂಡು ಬಂದರು. ನನ್ನ ಬಳೆಗಳನ್ನೆಲ್ಲ ಮೊಣಕೈ ಕಡೆಗೆ ಏರಿಸಿ, ಅದರ ಮೇಲೆ ಪಟ್ಟಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದರು. "ಇನ್ನು ಅದೇನು ಕಡೀತೀಯೋ ಕಡಿ" ಎಂದರು. ಮಾತಿನಲ್ಲಿ ಬೆಂಕಿ, ಆದರೆ ಕಟ್ಟಿದ ಕೈ ಮೆತ್ತಗಿತ್ತು. ಅವರ ಮಣಿಕಟ್ಟು ನನ್ನ ಕಣ್ಣೆದುರಿಗೇ ಇತ್ತು. ಒಂದು ಬಳೆಯೂ ಇಲ್ಲದ, ಮೂಳೆ ಎದ್ದ ಕೈ. ಮಾವನವರನ್ನು ನಾನು ನೋಡಿಲ್ಲ. ನಮ್ಮವರು ಶಾಲೆಗೆ ಸೇರುವ ಮೊದಲೇ ಅವರು ಹೋಗಿದ್ದರಂತೆ.

ಅಂದಿನಿಂದ ಅದೇ ಏರ್ಪಾಡಾಯಿತು. ಬೆಳಿಗ್ಗೆ ತಿಂಡಿ, ಪಾತ್ರೆ ಎಲ್ಲ ಮುಗಿದ ಮೇಲೆ ಅತ್ತೆ ಬಯ್ಯುತ್ತ ನನ್ನ ಕೈಗೆ ಪಟ್ಟಿ ಸುತ್ತುವುದು, ನಾನು ಶೆಡ್ಡಿಗೆ ಹೋಗುವುದು. ನಮ್ಮವರು ವಾರದ ರಜೆಯಲ್ಲಿ ಮೋಟರು ಕೂರಿಸಿ ಕೊಟ್ಟರು. ಕಾರ್ಖಾನೆಯವರ ಕಣ್ಣಲ್ಲವೇ, ಬೆಲ್ಟು ಮುಟ್ಟಿ ನೋಡಿ, "ಇದು ಸಡಿಲ ಆಗೈತೆ. ಬಿಗಿ ಮಾಡ್ತೀನಿ" ಎಂದರು. ಬೇಡವೆಂದೆ. ನಾನು ಲೇತಿನ ಮುಂದೆ ನಿಲ್ಲಲು ಶುರು ಮಾಡಿದ ಮೇಲೆ ಅಪ್ಪಾಜಿ ಬೇಕೆಂದೇ ಅದನ್ನು ಸಡಿಲ ಇಟ್ಟಿದ್ದರು. ಏನಾದರೂ ಸಿಕ್ಕಿಕೊಂಡರೆ ಬೆಲ್ಟು ಜಾರಬೇಕು, ಮರ ನಿಲ್ಲಬೇಕು ಎಂಬ ಲೆಕ್ಕ. "ಹಿಂಗಾದ್ರೆ ಅರ್ಧ ಪವರ್ ವೇಸ್ಟು" ಎಂದು ನಮ್ಮವರು ಗೊಣಗಿದರು. ವೇಸ್ಟಾದರೆ ಆಗಲಿ ಎಂದೆ.

ಮರಕ್ಕೆ ದಟ್ಟಗಳ್ಳಿಗೆ ಹೋದೆವು. ಆಗ ಅಲ್ಲಿ ಹೊಸ ಬಡಾವಣೆ ಎದ್ದೇಳುವ ಕಾಲ. ರಸ್ತೆಗೆ ಗುರುತು ಹಾಕಿದ್ದಲ್ಲೆಲ್ಲ ಮಾವಿನ ಮರ ಉರುಳಿ ಬಿದ್ದಿದ್ದವು, ಕೊಂಬೆಯಲ್ಲಿ ಇನ್ನೂ ಎಳೆಗಾಯಿ. ಕಡಿದವರು ಸೌದೆಗೆಂದು ತುಂಡು ಮಾಡುತ್ತಿದ್ದರು. ನಾನು ನಡುವೆ ಹೋಗಿ ಬುಡದ ಕಡೆಯ ದಪ್ಪ ತುಂಡುಗಳನ್ನು ಬೇರೆ ಇಡಿಸಿದೆ. ಸೌದೆಗೆ ಇಷ್ಟು ಆರಿಸಿ ಆರಿಸಿ ಯಾರಮ್ಮ ತಗೋತಾರೆ ಎಂದು ಅವರು ನಕ್ಕರು. ನಗಲಿ. ತುಂಡನ್ನು ನಟ್ಟ ನಡುವೆ ಸೀಳಿಸಿ, ತಿರುಳಿನ ಗೆರೆಯನ್ನು ತೆಗೆಸಿ ಹಾಕಿದೆ. ಬಿರುಕು ಹುಟ್ಟುವುದೇ ಆ ತಿರುಳಿನಲ್ಲಿ.

ಮೊದಲ ಬಟ್ಟಲಿನ ಕತೆ ನಗುವಂಥದ್ದು. ಮರದ ಚಪ್ಪಟೆ ಬದಿಗೆ ಕಬ್ಬಿಣದ ತಟ್ಟೆ ಇಟ್ಟು ಸ್ಕ್ರೂ ಹಾಕಿ, ಲೇತಿಗೆ ಏರಿಸಿ, ಮೊದಲು ಹೊರಮೈ ಕಡೆದೆ. ಹಸಿ ಮಾವು ಮುಖಕ್ಕೆಲ್ಲ ನೀರು ಎರಚಿತು. ಆಮೇಲೆ ಬಟ್ಟಲಿನ ತಳವನ್ನು ಒಂದು ರದ್ದಿ ಮರದ ಬಿಲ್ಲೆಗೆ, ನಡುವೆ ಪೇಪರಿನ ಚೂರು ಇಟ್ಟು ಅಂಟಿಸಿದೆ. ಕೆಲಸ ಮುಗಿದ ಮೇಲೆ ಉಳಿ ತುದಿ ಕೊಟ್ಟರೆ ಆ ಪೇಪರು ಸೀಳಿ ಬಟ್ಟಲು ಬಿಟ್ಟುಕೊಳ್ಳುತ್ತದೆ. ತಿರುಗಿಸಿ ಏರಿಸಿ, ಒಳಗೆ ತೋಡುತ್ತ ಹೋದೆ. ಎಷ್ಟೋ ವರ್ಷದ ಮೇಲೆ ಕೈಗೆ ಸಿಕ್ಕ ಕೆಲಸ, ನಿಲ್ಲಿಸಲು ಮನಸ್ಸೇ ಬರಲಿಲ್ಲ. ಹಪ್ಪಳದಷ್ಟು ತೆಳುವಾಗುವ ತನಕ ತೋಡಿ, ಎಣ್ಣೆ ಹಚ್ಚಿ, ಅಡುಗೆಮನೆಯ ಶೆಲ್ಫಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ವಾರ ಕಳೆಯುವುದರೊಳಗೆ ಒಂದು ಮಧ್ಯಾಹ್ನ ಶೆಲ್ಫಿನಿಂದ ಟಪ್ಪೆಂದು ಸದ್ದಾಯಿತು. ಅತ್ತೆ ಇಲಿ ಅಂದುಕೊಂಡು ಪೊರಕೆ ಹಿಡಿದು ಬಂದರು. ಬಟ್ಟಲು ಅಂಚಿನಿಂದ ತಳದ ತನಕ ಬಿರಿದಿತ್ತು. ಬಿರಿಯದೆ ಉಳಿದ ಭಾಗವೂ ಗುಂಡಗಿರಲಿಲ್ಲ, ಹಲಸಿನ ತೊಳೆಯ ಹಾಗೆ ಉದ್ದಕ್ಕೆ ಎಳೆದುಕೊಂಡಿತ್ತು.

"ಇದ್ರಾಗೆ ಅಂಗಡಿಯೋರಿಗೆ ಹಣ್ಣು ಮಡಗಿ ಕೊಡ್ತೀಯಾ?" ಎಂದರು ಅತ್ತೆ.

ಗೊತ್ತಿಲ್ಲದೆ ಆದದ್ದಲ್ಲ ಅದು, ಆತುರದಿಂದ ಆದದ್ದು. ಹಸಿ ಮರವನ್ನು ಮೊದಲ ಸಲ ದಪ್ಪಕ್ಕೇ ಕಡೆದು ನಿಲ್ಲಿಸಬೇಕು. ಅದರದೇ ಸುರುಳಿಯೊಳಗೆ ಹೂತು ತಿಂಗಳುಗಟ್ಟಲೆ ನಿಧಾನಕ್ಕೆ ಒಣಗಲು ಬಿಡಬೇಕು. ಆಗ ಅದು ಎಷ್ಟು ಸೊಟ್ಟಗಾಗಬೇಕೋ ಅಷ್ಟೂ ಆಗಿ ಸುಮ್ಮನಾಗುತ್ತದೆ. ಆಮೇಲೆ ಎರಡನೆಯ ಸಲ ಏರಿಸಿ ತೆಳ್ಳಗೆ ಮಾಡಬೇಕು. ಅಪ್ಪಾಜಿಯ ಅಟ್ಟದ ತುಂಬ ಅಂಥ ದಪ್ಪ ಬಟ್ಟಲುಗಳ ಚೀಲ ಇರುತ್ತಿದ್ದವು. ಮಾರನೆಯ ದಿನದಿಂದ ನಾನೂ ಹಾಗೇ ಮಾಡಿದೆ. ಉಳಿದ ಮರವನ್ನೆಲ್ಲ ಒರಟು ಬಟ್ಟಲುಗಳಾಗಿ ಕಡೆದು ಚೀಲಕ್ಕೆ ತುಂಬಿದೆ. ಮಳೆ ಹಿಡಿದು ಶೆಡ್ಡಿನ ಶೀಟು ಸೋರಿ ಚೀಲಗಳಿಗೆ ಬೂಸಲು ಹತ್ತುವ ಹಾಗಾದಾಗ ಒಂದು ಉಪಾಯ ಹೊಳೆಯಿತು. ಬಟ್ಟಲುಗಳನ್ನು ತಂದು ಅಡುಗೆಮನೆಯ ರಾಗಿ ಡ್ರಮ್ಮಿನಲ್ಲಿ ಹೂತುಬಿಟ್ಟೆ. ರಾಗಿಯಷ್ಟು ಒಣಗಿದ, ಬೆಚ್ಚಗಿನ ಜಾಗ ಮನೆಯಲ್ಲಿ ಬೇರೆ ಎಲ್ಲಿದೆ? ಮಿಲ್ಲಿಗೆ ಕಳಿಸಲು ರಾಗಿ ತೆಗೆಯಹೋದ ಅತ್ತೆಯ ಕೈಗೆ ಬಟ್ಟಲು ಸಿಕ್ಕಿತು. ಅವತ್ತು ಆದ ಗಲಾಟೆ ಬೀದಿಯ ತುದಿಗೂ ಕೇಳಿರಬೇಕು. ಆದರೆ ಬಟ್ಟಲನ್ನು ಆಚೆ ಎಸೆಯಲಿಲ್ಲ. ಊಟಕ್ಕೆ ಕೂತಾಗ ನಮ್ಮವರು, "ಅವ್ವ, ಮುದ್ದೇಲಿ ಮಾವಿನ ವಾಸ್ನೆ ಬತ್ತೈತೆ" ಎಂದರು. "ಸುಮ್ಕೆ ಉಣ್ಣು" ಎಂದರು ಅತ್ತೆ.

ಆಷಾಢ ಕಳೆದು ಶ್ರಾವಣ ಬಂದಾಗ ಬಟ್ಟಲುಗಳನ್ನು ಒಂದೊಂದಾಗಿ ತೆಗೆದು ಬೆರಳಿನಿಂದ ತಟ್ಟಿ ನೋಡಿದೆ. ಹಸಿಯಿದ್ದರೆ ಮಂಕಾದ ಸದ್ದು. ಒಣಗಿದ್ದರೆ ಟಣ್ಣೆನ್ನುತ್ತದೆ. ಎಲ್ಲವೂ ಟಣ್ಣೆಂದವು. ಎರಡನೆಯ ಸಲ ಕಡೆಯಲು ಶುರು ಮಾಡಿದೆ.

ಅವತ್ತು ನಮ್ಮವರದು ಮೊದಲನೆಯ ಶಿಫ್ಟು, ಬೆಳಕು ಹರಿಯುವ ಮೊದಲೇ ಹೋಗಿದ್ದರು. ಬಟ್ಟಲಿನ ಒಳಭಾಗಕ್ಕೆ ಉಳಿ ಕೊಟ್ಟು ನಿಂತಿದ್ದೆ. ಎಡಗೈ ಅಂಚಿನ ಹತ್ತಿರವೇ ಇತ್ತು. ಸುತ್ತಿದ್ದ ಪಟ್ಟಿಯ ತುದಿ ಯಾವಾಗ ಬಿಚ್ಚಿಕೊಂಡಿತೋ ಗೊತ್ತಾಗಲಿಲ್ಲ. ಯಾರೋ ಕೈಹಿಡಿದು ಒಳಗೆ ಎಳೆದ ಹಾಗಾಯಿತು, ಅಷ್ಟೇ. ಎದೆ ಹೋಗಿ ಲೇತಿಗೆ ಬಡಿಯಿತು, ಗಾಜು ಚೂರಾಗುವ ಸದ್ದು, ಉಳಿ ಎಲ್ಲೋ ಹಾರಿತು. ಬೆಲ್ಟು ಕಿರ್ರೆಂದು ಜಾರಿ ಸುಟ್ಟ ವಾಸನೆ ಬಂತು. ಮರ ನಿಂತುಬಿಟ್ಟಿತ್ತು. ಬಲಗೈಯಿಂದ ಸ್ವಿಚ್ಚು ಆರಿಸಿ ನೋಡಿಕೊಂಡೆ. ಎಡಗೈಯ ಪಟ್ಟಿ ಬಟ್ಟಲಿನ ಸುತ್ತ ಬಿಗಿದಿತ್ತು. ಕೈ ಇತ್ತು, ಬೆರಳೆಲ್ಲ ಆಡುತ್ತಿದ್ದವು. ಮಣಿಕಟ್ಟಿನಿಂದ ರಕ್ತ ಸುರಿಯುತ್ತಿತ್ತು. ಆ ಕೈಯಲ್ಲಿ ಒಂದು ಬಳೆಯೂ ಉಳಿದಿರಲಿಲ್ಲ.

ಬಳೆ ಒಡೆಯಿತು ಎಂದು ನಮ್ಮಲ್ಲಿ ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತಾರೆ. ಓಡಿ ಬಂದ ಅತ್ತೆಯ ಕಣ್ಣು ಮೊದಲು ಹೋದದ್ದು ಆ ಬರಿಗೈಯ ಮೇಲೆ. ಅರಿಶಿನ ಒತ್ತಿ, ಬಟ್ಟೆ ಕಟ್ಟಿ, ಪಕ್ಕದ ರಸ್ತೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿದರು. ಮನೆಗೆ ಬಂದದ್ದೇ ಸೀದಾ ಗೇಟಿನ ಹತ್ತಿರ ಹೋಗಿ ನಿಂತರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಮೊದಲು ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನನ್ನ ಕಾಲೂ ಒಳಗೆ ನಿಲ್ಲಲಿಲ್ಲ. ಇದನ್ನೆಲ್ಲ ನಂಬುವವಳಲ್ಲ ನಾನು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದವಳು ಅತ್ತೆಯ ಪಕ್ಕ ಹೋಗಿ ನಿಂತೆ. ಕಾರ್ಖಾನೆಯ ಬಸ್ಸು ಬಂದು ನಮ್ಮವರು ಬುತ್ತಿಡಬ್ಬಿ ಹಿಡಿದು ಇಳಿದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು.

"ಯಾಕೆ ಇಬ್ರೂ ಇಲ್ಲಿ ನಿಂತಿದ್ದೀರಿ? ಯಾರ್ಗೇನಾಯ್ತು?" ಎಂದರು ಅವರು. ಆಮೇಲೆ ನನ್ನ ಕೈಯ ಕಟ್ಟು ನೋಡಿದರು. ಜಗಳವೆಂದರೆ ಆಗದ ಮನುಷ್ಯ ಅಂದು ಕೂಗಾಡಿದರು. "ಮುಗೀತು. ಆ ಲೇತು ಇನ್ನು ಈ ಮನೇಲಿರಲ್ಲ. ದಸರಾನೂ ಬೇಡ ಏನೂ ಬೇಡ."

"ಲೇತು ಏನೂ ಮಾಡ್ಲಿಲ್ಲ ಕಣ್ರೀ. ಬಟ್ಟೆ ಸಿಕ್ಕಿಕೊಂಡಿದ್ದು. ಕೈ ಬರಿದಿದ್ದಿದ್ರೆ ಏನೂ ಆಗ್ತಿರ್ಲಿಲ್ಲ" ಎಂದೆ. ಅತ್ತೆಗೆ ಚುಚ್ಚಲೆಂದು ಆಡಿದ ಮಾತಲ್ಲ. ಆದರೆ ಪಟ್ಟಿ ಕಟ್ಟಿದ್ದು ಅವರ ಕೈ. ಅತ್ತೆ ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ, ಶೆಡ್ಡಿನ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಮರದ ಸುರುಳಿಯ ನಡುವಿನಿಂದ ಹಸಿರು ಗಾಜಿನ ಚೂರುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದರು.

ಹೊಲಿಗೆ ಬಿಚ್ಚಿ ಗಾಯ ಮಾಗುವ ತನಕ ಎಡಗೈಗೆ ಬಳೆ ಹಾಕುವಂತಿರಲಿಲ್ಲ. ಅಷ್ಟು ದಿನವೂ ನಮ್ಮವರು ಶಿಫ್ಟಿಗೆ ಹೋದರು, ಬಂದರು, ಉಂಡರು, ಗೊರಕೆ ಹೊಡೆದರು. ಅತ್ತೆ ಮಾತ್ರ ಬಸ್ಸಿನ ಹೊತ್ತಿಗೆ ಗೇಟಿನ ಕಡೆ ನೋಡುವುದನ್ನು ತಪ್ಪಿಸಲಿಲ್ಲ. ಒಂದು ದಿನ ಅವರು ಊಟ ಬಡಿಸುತ್ತಿದ್ದಾಗ ತಡೆಯಲಾರದೆ ಹೇಳಿಯೇಬಿಟ್ಟೆ. "ನೋಡಿ ಅತ್ತೆ, ನನ್ನ ಒಂದು ಕೈ ಬರಿದೇ ಇದೆ. ನಿಮ್ಮ ಮಗ ಇನ್ನೊಂದು ಮುದ್ದೆ ಕೇಳ್ತಿದ್ದಾರೆ." ನಮ್ಮವರಿಗೆ ಸಾರು ನೆತ್ತಿಗೆ ಹತ್ತಿತು. ಅತ್ತೆ ನನ್ನನ್ನು ದುರುಗುಟ್ಟಿಕೊಂಡು ನೋಡಿ, ಮಗನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು. ಲೇತಿನ ಸುದ್ದಿಯನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಗುಜರಿಯವನಿಗೆ ಹೇಳಿ ಕಳಿಸುತ್ತೇನೆ ಎಂದಿದ್ದ ನಮ್ಮವರು ಹೇಳಿ ಕಳಿಸಿರಲಿಲ್ಲ. ನಾನು ಕೇಳಲೂ ಇಲ್ಲ. ಒಂದೇ ಕೈಯಲ್ಲಿ ದಿನಾ ಶೆಡ್ಡು ಗುಡಿಸಿ, ಉಳಿಗಳನ್ನು ಮಸೆದಿಟ್ಟು ಬರುತ್ತಿದ್ದೆ. ನಾನು ಬಿಟ್ಟಿಲ್ಲ ಎಂದು ಎಲ್ಲರಿಗೂ ಗೊತ್ತಾಗಬೇಕಿತ್ತು.

ಗೌರಿ ಹಬ್ಬಕ್ಕೆ ಬಳೆಗಾರ್ತಿ ಮನೆಗೆ ಬಂದಳು. ಜಗಲಿಯ ಮೇಲೆ ಕೂತು ನನ್ನ ಕೈ ಹಿಡಿದು ಹಿಸುಕಿ ಅಳತೆ ನೋಡಿ, ಎಂದಿನ ಬಿಗಿ ಬಳೆ ತೆಗೆದಳು. ಬಳೆ ಬಿಗಿಯಾಗಿ ಏರಿದಷ್ಟೂ ಲಕ್ಷಣ ಎಂಬುದು ಅವಳ ಲೆಕ್ಕ. ಸೋಪು ಹಚ್ಚಿ ಎಳೆದರೂ, ಜಪ್ಪಯ್ಯ ಅಂದರೂ ಜಾರಬಾರದು.

"ಅದು ಬೇಡ. ಒಂದು ಸೈಜು ದೊಡ್ಡದು ಹಾಕು" ಎಂದೆ.

"ಜಾರಿ ಬಿದ್ದೋಯ್ತದೆ ಕಣಮ್ಮ."

"ಬೀಳಲ್ಲ. ಹಾಕು."

ಬಳೆಗಾರ್ತಿ ಅತ್ತೆಯ ಮುಖ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನ ಮುಖ ನೋಡಿದರು. ದೊಡ್ಡ ಬಳೆಗಳೇ ನನ್ನ ಕೈಗೆ ಬಂದವು, ಸಡಿಲವಾಗಿ ಗಲಗಲ ಅನ್ನುತ್ತ.

ಹಬ್ಬ ಮುಗಿಯಿತು. ದಸರೆ ಹತ್ತಿರ ಬಂತು. ನಮ್ಮವರು ಬೆಳಗಿನ ಶಿಫ್ಟಿಗೆ ಹೋದ ಒಂದು ದಿನ ಮನೆಗೆಲಸ ಮುಗಿಸಿ ಶೆಡ್ಡಿಗೆ ಹೋದೆ. ಖಾಕಿ ಅಂಗಿ ತೊಟ್ಟೆ. ಎರಡೂ ಕೈಯಿಂದ ಬಳೆಗಳನ್ನು ಜಾರಿಸಿ ತೆಗೆದೆ. ಅವನ್ನು ಇಡಲು ಜಾಗ ಹುಡುಕುತ್ತಿದ್ದಾಗ ಬಾಗಿಲಿಗೆ ನೆರಳು ಬಿತ್ತು.

"ದೊಡ್ಡ ಬಳೆ ಯಾಕೆ ಇಕ್ಕಿಸ್ಕಂಡೆ ಅಂತ ನಂಗೊತ್ತಿಲ್ಲ ಅಂದ್ಕಂಡಾ?" ಎಂದರು ಅತ್ತೆ.

"ಗೊತ್ತಾಗ್ಲಿ ಅಂತಾನೇ ನಿಮ್ಮೆದುರಿಗೆ ಹಾಕಿಸ್ಕೊಂಡೆ. ನಾನು ಈ ಕೆಲಸ ಬಿಡಲ್ಲ ಅತ್ತೆ. ಬಟ್ಟೇನೂ ಕಟ್ಟಿಸ್ಕೊಳ್ಳಲ್ಲ. ನೀವು ಬಯ್ಯೋದಾದ್ರೆ ಬಯ್ದುಬಿಡಿ, ಆಮೇಲೆ ಶುರು ಮಾಡ್ತೀನಿ."

ಅವರು ಒಳಗೆ ಬಂದು ಸೌದೆಯ ಮೇಲೆ ಕೂತರು. ಹಣೆಯ ವಿಭೂತಿ ಬೆವರಿಗೆ ಸ್ವಲ್ಪ ಕರಗಿತ್ತು.

"ನಿಮ್ಮಾವ ತೀರ್ಕಂಡಾಗ ನನ್ನ ಕೈತುಂಬ ಬಳೆ ಇದ್ವು" ಎಂದರು. "ಬಾಣಂತನ್ದಾಗೂ ತೆಗೆದೋಳಲ್ಲ ನಾನು. ಒಂದು ಎಚ್ಚಿದ್ರೆ ಅವತ್ತೇ ಇನ್ನೊಂದು ಇಕ್ಕಿಸ್ಕೋತಿದ್ನಿ. ಅವ್ರು ಜರ ಬಂದು ಮಲಗಿದ್ರಲ್ಲ, ಪಕ್ಕದಾಗೆ ಬಳೆ ಹಿಡ್ಕಂಡೇ ಕೂತಿದ್ದೆ. ಏನಾಯ್ತು? ಓಗ್ಬುಟ್ರು. ಆಮ್ಯಾಕೆ ಜನ ಬಂದು ಇವನ್ನ ಕುಟ್ಟಿ ತೆಗುದ್ರು."

ಅಷ್ಟು ವರ್ಷದಲ್ಲಿ ಅವರು ಆ ದಿನದ ಮಾತನ್ನು ನನ್ನ ಮುಂದೆ ಎತ್ತಿದ್ದು ಅದೇ ಮೊದಲು. ಬಳೆಗಳನ್ನು ಲೇತಿನ ಪಕ್ಕದ ಹಲಗೆಯ ಮೇಲೆ ಇಡಲು ಹೋದೆ. ಅಲ್ಲಿ ಎಣ್ಣೆ, ಧೂಳು. ನೆಲದ ಮೇಲೆ ಸುರುಳಿಯ ರಾಶಿ.

"ಅಲ್ಲೆಲ್ಲ ಮಡಗ್ಬ್ಯಾಡ. ತತ್ತಾ ಇತ್ತಾಗೆ" ಎಂದು ಕೈ ಚಾಚಿದರು. ಕೊಟ್ಟೆ. ಮಡಿಲಲ್ಲಿ ಹಾಕಿಕೊಂಡು ಸ್ವಲ್ಪ ಹೊತ್ತು ನೋಡುತ್ತ ಕೂತರು. ಆಮೇಲೆ ಐದೂ ಬೆರಳು ಒಟ್ಟು ಮಾಡಿ, ಒಂದು ಬಳೆಯನ್ನು ತಮ್ಮ ಕೈಗೆ ಏರಿಸಿದರು. ಅದು ತಡೆಯಿಲ್ಲದೆ ಮಣಿಕಟ್ಟಿಗೆ ಹೋಗಿ ನಿಂತಿತು. ಇನ್ನೊಂದು ಏರಿಸಿದರು. ಎಡಗೈ ಮುಗಿಸಿ ಬಲಗೈಗೆ ಬಂದರು.

"ಬಳೆ ಕೈಲಿರ್ಬೇಕು, ಅಷ್ಟೇಯ" ಎಂದರು ನನ್ನ ಕಡೆ ನೋಡದೆ. "ಯಾರ ಕೈಲಿದ್ರೇನು? ನೀನು ನಿನ್ನ ಕೆಲಸ ನೋಡು."

ನನಗೆ ಅಳು ಬಂತು. ಕಣ್ಣಲ್ಲಿ ನೀರಿಟ್ಟುಕೊಂಡು ಉಳಿ ಹಿಡಿಯುವಂತಿಲ್ಲ. ಗೋಡೆಯ ಕಡೆ ತಿರುಗಿ, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು, ಆಮೇಲೆ ಸ್ವಿಚ್ಚು ಹಾಕಿದೆ.

ಪಟ್ಟಿಯ ಭಾರವಿಲ್ಲದ ಕೈ ಎಷ್ಟು ಹಗುರವಾಗಿತ್ತು! ಎಡಗೈ ಬೆರಳನ್ನು ಬಟ್ಟಲಿನ ಹೊರಮೈಗೆ ಆನಿಸಿ, ಒಳಗಿನಿಂದ ಉಳಿಯನ್ನು ಅಂಚಿನಿಂದ ತಳದ ಕಡೆಗೆ ಒಂದೇ ಎಳೆತದಲ್ಲಿ ತಂದೆ. ನೂಲಿನಷ್ಟು ತೆಳ್ಳಗಿನ ಸುರುಳಿ ಬಂತು. ಬೆರಳಿಗೆ ಮರದ ದಪ್ಪ ಎಷ್ಟಿದೆಯೆಂದು ನೇರವಾಗಿ ತಿಳಿಯುತ್ತಿತ್ತು. ಉಪ್ಪು ಕಾಗದದ ಒರಟು ಮೊದಲು, ನುಣುಪು ಆಮೇಲೆ. ನೀರು ಸವರಿ, ಎದ್ದ ನಾರು ಒಣಗಿದ ಮೇಲೆ ಮತ್ತೊಂದು ಸಲ. ಕೊನೆಗೆ ಬಿದ್ದಿದ್ದ ಸುರುಳಿಯನ್ನೇ ಒಂದು ಹಿಡಿ ತೆಗೆದುಕೊಂಡು ತಿರುಗುವ ಬಟ್ಟಲಿಗೆ ಒತ್ತಿ ಹಿಡಿದೆ. ಮರ ತನ್ನ ಸುರುಳಿಯಿಂದಲೇ ಮಿರುಗಲು ಶುರುವಾಯಿತು. ಜೇನುಮೇಣ ಬೆರೆಸಿದ ಅಗಸೆ ಎಣ್ಣೆ ಸವರಿದಾಗ ಮಾವಿನ ಗೆರೆಗಳು ಒಂದೊಂದಾಗಿ ಎದ್ದು ಕಂಡವು. ಲೇತು ನಿಲ್ಲಿಸಿದೆ. ಮೋಟರಿನ ಸದ್ದು ಅಡಗಿದ ಮೇಲೆ ಹಿಂದಿನಿಂದ ಬಳೆಯ ಸದ್ದು ಕೇಳಿತು. ನನ್ನದೆಂದು ಕೈ ನೋಡಿಕೊಂಡೆ. ಅತ್ತೆ ಬಗ್ಗಿ ಸುರುಳಿ ಬಾಚಿ ಚೀಲಕ್ಕೆ ತುಂಬುತ್ತಿದ್ದರು.

ಇನ್ನೊಂದು ಬಟ್ಟಲು ಏರಿಸಿ ಹೊರಮೈ ಮುಗಿಸುವ ಹೊತ್ತಿಗೆ ಬಸ್ಸಿನ ಹಾರನ್ ಕೇಳಿತು. ಅತ್ತೆ ಸೊಂಟ ಹಿಡಿದು ಎದ್ದರು. ಬಳೆ ಬಿಚ್ಚಿ ನನ್ನ ಕೈಗೆ ಕೊಡುತ್ತಾರೆ ಎಂದು ನಾನು ಲೇತು ಆರಿಸಿ ಕೈ ಒರೆಸಿಕೊಂಡೆ. ಕೊಡಲಿಲ್ಲ. ಹಾಗೇ ನಡೆದುಕೊಂಡು ಹೋದರು. ಶೆಡ್ಡಿನ ಬಾಗಿಲಿಂದ ಮನೆಯ ಪಕ್ಕದ ಓಣಿಯೂ ಅದರ ತುದಿಯ ಗೇಟೂ ಕಾಣುತ್ತಿದ್ದವು. ಅಗುಳಿ ತೆಗೆದು, ಎಂದಿನಂತೆ ಬುತ್ತಿಡಬ್ಬಿ ಇಸಿದುಕೊಳ್ಳಲು ಮಗನ ಮುಂದೆ ಕೈ ಚಾಚಿದರು. ನಮ್ಮವರು ಆ ಕೈಯ ಹಸಿರು ಬಳೆಗಳನ್ನು ನೋಡಿದರು. ಅಮ್ಮನ ಮುಖ ನೋಡಿದರು. ಓಣಿಯ ಈ ತುದಿಯಲ್ಲಿ ಅವರದೇ ಅಂಗಿ ತೊಟ್ಟು ನಿಂತಿದ್ದ ನನ್ನನ್ನು ನೋಡಿದರು. ಈ ಸಲ ಬಚ್ಚಲಿಗೆ ಹೋಗಿ ಮುಖ ತೊಳೆಯಲು ದಾರಿಯಿರಲಿಲ್ಲ.

ಅವರು ಬುತ್ತಿಡಬ್ಬಿಯನ್ನು ಆ ಕೈಗೇ ಕೊಟ್ಟರು.

ನಾನು ಒಳಗೆ ಬಂದು ಸ್ವಿಚ್ಚು ಹಾಕಿದೆ.